ಇತಿಹಾಸಾಚಾರ್ಯ ಡಾ. ಭಾಸ್ಕರ ಆನಂದ ಸಾಲೆತ್ತೂರು

ಜಿನಬಿಂಬ ಪ್ರತಿಷ್ಠೆಯ ಸ್ಮರಣ ಸಂಚಿಕೆಗಳಲ್ಲಿ ಪೂರ್ವಾಚಾರ್ಯರ ಚರಿತ್ರೆಯನ್ನೂ ಬಸದಿಗಳನ್ನು ಕಟ್ಟಿಸಿದ ಅರಸರ ಮತ್ತು ಶ್ರಾವಕೋತ್ತಮರ ಚರಿತ್ರೆಯನ್ನೂ ಬರೆಯುವುದು ವಾಡಿಕೆ. ಈ ಲೇಖನದ ನಾಯಕರು ಮುನಿಗಳಲ್ಲ, ಅರಸರಲ್ಲ, ದಾನಿಗಳಲ್ಲ, ಜನ್ಮತಃ ಜೈನರೂ ಅಲ್ಲ. ಆದರೂ ಹೊನ್ನಾವರ, ಭಟ್ಕಳ, ಕುಮಟಾ ಪ್ರಾಂತದ ಜೈನರು ತಮ್ಮ ಪೂರ್ವಿಕರ ವಿಷಯವಾಗಿ ಇಂದು ವೇದಿಕೆಯ ಮೇಲೆ ನಿಂತು ಏನನ್ನು ಅಭಿಮಾನದಿಂದ ಹೇಳಿಕೊಳ್ಳುತ್ತಾರೆಯೋ ಅದರಲ್ಲಿ ಬಹುಭಾಗವನ್ನು ಮೊದಲು ಒಂದು ಕ್ರಮಕ್ಕೆ ತಂದು, ಆಧಾರಸಹಿತವಾಗಿ ಜಗತ್ತಿನ ಮುಂದಿಟ್ಟವರಲ್ಲಿ ಅವರು ಅಗ್ರಗಣ್ಯರು. ವಿದೇಶದಲ್ಲಿ ವರ್ಷಗಟ್ಟಲೆ ವ್ಯಾಸಂಗ ಮಾಡಿ ಡಾಕ್ಟರೇಟ್ ಪದವಿಯನ್ನು ಪಡೆದು ಬಂದ ಡಾ. ಭಾಸ್ಕರ ಆನಂದ ಸಾಲೆತ್ತೂರು ಅವರೇ ಆ ಮಹನೀಯರು. ಅವರು ಕಾಲವಾಗಿ ಅರ್ಧ ಶತಮಾನವೇ ಮೀರಿತು. ಅವರು ಬರೆದುದನ್ನು ನಾವು ಧಾರಾಳವಾಗಿ ಬಳಸುತ್ತ ಬಂದಿದ್ದೇವೆ; ಅವರ ಹೆಸರನ್ನು ಮಾತ್ರ ಅಷ್ಟು ಧಾರಾಳವಾಗಿ ಹೇಳುವುದಿಲ್ಲ. ಸಾಲವನ್ನು ಖಾತೆಯಲ್ಲಿ ಬರೆದಿಡದಿರುವುದು ವ್ಯಾಪಾರಸ್ಥರಾದ ನಮಗೆ ಒಪ್ಪುವ ಮಾತಲ್ಲವಷ್ಟೆ!

ಸಾಲೆತ್ತೂರು ಎಂಬುದು ದಕ್ಷಿಣ ಕನ್ನಡ ಜಿಲ್ಲೆಯ ಬಂಟವಾಳದ ಕಡೆಯ ಊರಿನ ಹೆಸರು. ಅದನ್ನೇ ಮನೆತನದ ಹೆಸರಾಗಿ ಉಳಿಸಿಕೊಂಡ ಚಿತ್ರಾಪುರ ಸಾರಸ್ವತ ಕುಟುಂಬಗಳಿವೆ. ಆ ಸಮಾಜದ ಗುರುಪೀಠವು ಭಟ್ಕಳ ತಾಲ್ಲೂಕಿನ ಶಿರಾಲಿಯಲ್ಲಿಯೇ ಇರುವುದರಿಂದ ಆ ಮನೆತನದವರು ನಮಗೆ ಪರಸ್ಥಳದವರೇನೂ ಅಲ್ಲ. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೂ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೂ ಸೇರಿ, ಒಂದೇ ಕಡಲತೀರದ ಜನ ಎರಡು ಸರಕಾರಗಳ ಕೈಕೆಳಗೆ ಇದ್ದರು. ಘಟ್ಟದ ಮೇಲಿನ ಸಾಗರ, ನಗರ ಸೀಮೆಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹೀಗೆ ನಮ್ಮ ಪೂರ್ವಿಕರ ಒಂದು ರಾಜ್ಯವು ಮೂರು ಕಡೆಯ ಕಡತಗಳಲ್ಲಿ ಹಂಚಿಹೋಗಿತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಯೋಜನವಿದೆ.

ಎಂ.ಎ. ಪದವಿಯನ್ನು ಪಡೆದ ಬಳಿಕ ಸಾಲೆತ್ತೂರರು ಉಚ್ಚ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದರು. ನಮ್ಮ ಕರಾವಳಿಗೆ ರೈಲು ಬಂದದ್ದು ಕೊಂಕಣ ರೈಲ್ವೆಯು 1998ರಲ್ಲಿ ಪೂರ್ಣವಾದ ಮೇಲೆ. ಅವರ ಕಾಲದಲ್ಲಿ ಈ ತೀರದವರು ಬೇಸಿಗೆಯಲ್ಲಿ ಆಗಬೋಟಿನಲ್ಲಿ ಮುಂಬಯಿಗೆ ಹೋಗುವುದು, ಮಳೆಗಾಲದಲ್ಲಿ ಬಂದರು ಮುಚ್ಚಿದರೆ ಘಟ್ಟವನ್ನೇರಿ ಹೋಗುವುದು. ಮುಂಬಯಿಯಿಂದ ಏಡನ್, ಸುಯೆಜ್ ಮಾರ್ಗವಾಗಿ ಇಂಗ್ಲೆಂಡನ್ನು ಮುಟ್ಟಲು ಹಡಗಿನಲ್ಲಿ ವಾರಗಳೇ ಹಿಡಿಯುತ್ತಿದ್ದವು. ಅಂದು ವಿಲಾಯತಿಗೆ ಹೋದ ನಮ್ಮ ತರುಣರಲ್ಲಿ ಅನೇಕರು ಬ್ಯಾರಿಸ್ಟರಿಕೆಗೆ, ಕೆಲವರು ವೈದ್ಯಕ್ಕೆ, ಇನ್ನು ಕೆಲವರು ಐ.ಸಿ.ಎಸ್. ಪರೀಕ್ಷೆಗೆ ಹೋಗುವವರು. ಈ ಮೂರರಲ್ಲಿಯೂ ಹಾಕಿದ ಹಣ ಹಿಂದಿರುಗುವ ಭರವಸೆಯಿತ್ತು. ಹಳೆಯ ಕಲ್ಲುಬರಹಗಳನ್ನು ಓದಿ ಪದವಿ ಪಡೆಯುವುದಕ್ಕಾಗಿ ಸಮುದ್ರ ದಾಟುವುದು ವ್ಯಾವಹಾರಿಕ ಬುದ್ಧಿಗೆ ಎಟುಕುವ ಕೆಲಸವಾಗಿರಲಿಲ್ಲ.

ನಮ್ಮ ನೆಲದ ಚರಿತ್ರೆಯನ್ನು ತಿಳಿಯಲು ಲಂಡನ್ನಿಗೆ ಏಕೆ ಹೋಗಬೇಕೆಂಬ ಪ್ರಶ್ನೆ ಸಹಜವಾದುದೇ. ಇದಕ್ಕೆ ಉತ್ತರವೂ ಉಂಟು. ಮೈಸೂರು ಸಂಸ್ಥಾನದ ಅಧಿಕಾರಿಯಾಗಿದ್ದ ಲ್ಯೂಯಿಸ್ ರೈಸ್ ಮಹಾಶಯರು 1886ರಿಂದ ಮುಂದಕ್ಕೆ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಹೆಸರಿನ 12 ಸಂಪುಟಗಳಲ್ಲಿ ಸಾವಿರಾರು ಶಾಸನಗಳನ್ನು ಅಚ್ಚುಹಾಕಿಸಿದ್ದರು. 1900ರಲ್ಲಿ ರಾಬರ್ಟ್ ಸಿವೆಲ್ ಎಂಬವರು ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು ಗ್ರಂಥ ಬರೆದು, ಪೇಸ್, ನೂನಿಜ್ ಎಂಬ ಪೋರ್ಚುಗೀಸರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದಿದ್ದರು. ಶಾಸನಗಳು ಒಂದು ಕಡೆ, ಪ್ರವಾಸಿಗಳ ಬರಹಗಳು ಇನ್ನೊಂದು ಕಡೆ, ಕಾವ್ಯ ಪುರಾಣಗಳು ಮತ್ತೊಂದು ಕಡೆ. ಇವೆಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ತಾಳೆ ನೋಡುವ ಅನುಕೂಲ ಆ ಕಾಲದಲ್ಲಿ ಲಂಡನ್ನಿನ ಗ್ರಂಥಭಂಡಾರಗಳಲ್ಲಿ ಇದ್ದಷ್ಟು ನಮ್ಮ ಪಟ್ಟಣಗಳಲ್ಲಿ ಇರಲಿಲ್ಲ. ನಮ್ಮ ಹಿರಿಯರು ಕೊರೆಯಿಸಿದ ಅಕ್ಷರಗಳನ್ನು ನಮ್ಮವರೊಬ್ಬರು ಪರರಾಜಧಾನಿಯಲ್ಲಿ ಕುಳಿತು ಓದಬೇಕಾಯಿತು. ಇದು ವಿಷಾದದ ಸಂಗತಿಯಾದರೂ ನಿಜ.

ಅವರು ಆರಿಸಿಕೊಂಡ ವಿಷಯವು ವಿಜಯನಗರ ಸಾಮ್ರಾಜ್ಯದ ಸಾಮಾಜಿಕ ಮತ್ತು ರಾಜಕೀಯ ಜೀವನ. ಕಾಲಾವಧಿ 1346ರಿಂದ 1646ರ ವರೆಗೆ, ಸರಿಯಾಗಿ 300 ವರ್ಷ. ಯಾವ ಅರಸನು ಯಾವ ಕೋಟೆಯನ್ನು ಗೆದ್ದನೆಂಬ ಯುದ್ಧಚರಿತ್ರೆಯನ್ನು ಬೇರೆಯವರು ಬರೆದಿದ್ದರು. ಸಾಲೆತ್ತೂರರು ಕೇಳಿದ ಪ್ರಶ್ನೆಗಳೇ ಬೇರೆ. ಕಂದಾಯವನ್ನು ಹೇಗೆ ಎತ್ತುತ್ತಿದ್ದರು, ಊರಿನ ನ್ಯಾಯವನ್ನು ಯಾರು ಹೇಳುತ್ತಿದ್ದರು, ಸ್ತ್ರೀಯರ ಸ್ಥಾನವೇನಿತ್ತು, ಉಡಿಗೆ ತೊಡಿಗೆ ಏನು, ಹಬ್ಬಹರಿದಿನಗಳು ಯಾವುವು, ಸಾಮಾನ್ಯ ಪ್ರಜೆಯು ಹೇಗೆ ಬದುಕಿದ್ದನು ಎಂಬಿವನ್ನು ಅವರು ಶೋಧಿಸಿದರು. ಇಂತಹ ಪ್ರಶ್ನೆಗಳಿಗೆ ಒಂದೇ ಶಾಸನದಲ್ಲಿ ಉತ್ತರ ಸಿಕ್ಕುವುದಿಲ್ಲ. ನೂರಾರು ಶಾಸನಗಳಿಂದ ಒಂದೊಂದು ಎಳೆಯನ್ನು ಹೆಕ್ಕಿ ನೇಯಬೇಕಾಗುತ್ತದೆ. ದಿನದಿನದ ಚಿಲ್ಲರೆಯನ್ನು ವರ್ಷಾಂತ್ಯದ ಅಢಾವೆಗೆ ತರುವಷ್ಟೇ ಬೇಸರದ ಮತ್ತು ಅಷ್ಟೇ ಎಚ್ಚರದ ಕೆಲಸವದು.

ಇಲ್ಲಿ ಡಾಕ್ಟರೇಟ್ ಎಂಬ ಪದವಿಯ ಸ್ವರೂಪವನ್ನು ಎರಡು ಮಾತಿನಲ್ಲಿ ತಿಳಿಸುವುದು ಉಚಿತ. ಪುಸ್ತಕವನ್ನು ಕಂಠಪಾಠ ಮಾಡಿ ಪ್ರಶ್ನಪತ್ರಿಕೆಗೆ ಉತ್ತರ ಬರೆಯುವ ಪರೀಕ್ಷೆ ಅದಲ್ಲ. ಹಿಂದೆ ಯಾರೂ ಹೇಳದಿದ್ದುದನ್ನು ಪ್ರಮಾಣಸಹಿತವಾಗಿ ಹೇಳುವ ಮಹಾಪ್ರಬಂಧವನ್ನು ಬರೆದೊಪ್ಪಿಸಬೇಕು; ಅದನ್ನು ಪಂಡಿತರು ಪರಿಶೀಲಿಸಿ, ಅಭ್ಯರ್ಥಿಯನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನಿಸುವರು. ಪೂರ್ವಪಕ್ಷವನ್ನು ಖಂಡಿಸಿ ಸ್ವಪಕ್ಷವನ್ನು ಸ್ಥಾಪಿಸುವ ವಾದಪದ್ಧತಿಯು ಜೈನರಿಗೆ ಹೊಸದೇನೂ ಅಲ್ಲ. ನಮ್ಮ ಅಕಲಂಕಾದಿ ಆಚಾರ್ಯರ ಕೀರ್ತಿ ನಿಂತಿರುವುದೇ ಅದರ ಮೇಲೆ. ಲಂಡನ್ನಿನವರು ಇದಕ್ಕೆ ಪಿಎಚ್.ಡಿ. ಎಂಬ ಹೆಸರನ್ನಿಟ್ಟರು. ಇಂಗ್ಲೆಂಡಿನ ವಿದ್ಯಾಪೀಠಗಳಿಗೆ ಈ ಪದವಿ ಬಂದದ್ದೇ 1917ರ ಬಳಿಕ.

ಸಾಲೆತ್ತೂರರ ಮಹಾಪ್ರಬಂಧವನ್ನು ಲಂಡನ್ ವಿಶ್ವವಿದ್ಯಾನಿಲಯವು 1931ರಲ್ಲಿ ಪುರಸ್ಕರಿಸಿತು. ಪದವಿ ಕೈಸೇರಿದೊಡನೆ ಕೆಲಸ ಮುಗಿಯಿತೆಂದು ಅವರು ಕೈಕಟ್ಟಿ ಕೂರಲಿಲ್ಲ. ಪ್ರಬಂಧವು 1934ರಲ್ಲಿ ಮದರಾಸಿನ ಬಿ. ಜಿ. ಪಾಲ್ ಪ್ರಕಾಶನದಿಂದ ಎರಡು ದೊಡ್ಡ ಸಂಪುಟಗಳಾಗಿ ಹೊರಬಂದಿತು. ಸಾಲೆತ್ತೂರರು ಜರ್ಮನಿಯ ಗೀಸೆನ್ ವಿಶ್ವವಿದ್ಯಾನಿಲಯದಿಂದಲೂ ಡಾಕ್ಟರ್ ಪದವಿಯನ್ನು ಪಡೆದರು. ಆ ಗೀಸೆನ್ ವಿದ್ಯಾಪೀಠ ಸ್ಥಾಪನೆಯಾದದ್ದು 1607ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು, 1604ರಲ್ಲಿ, ನಮ್ಮ ಭಟ್ಟಾಕಲಂಕದೇವರು ಕರ್ಣಾಟಕ ಶಬ್ದಾನುಶಾಸನವನ್ನು ಮುಗಿಸಿದ್ದರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳಿಕೆ ಅಂತ್ಯಗೊಂಡದ್ದೂ ಅದೇ ಸುಮಾರಿಗೆ. ಅಲ್ಲಿ ಒಂದು ವಿದ್ಯಾಮಂದಿರದ ಬಾಗಿಲು ತೆರೆಯುತ್ತಿದ್ದಾಗ ಇಲ್ಲಿ ನಮ್ಮ ರಾಜ್ಯದ ಬಾಗಿಲು ಮುಚ್ಚುತ್ತಿತ್ತು.

ಸ್ವದೇಶಕ್ಕೆ ಮರಳಿದ ಡಾ. ಸಾಲೆತ್ತೂರರು ಪುಣೆಯ ಸರ್ ಪರಶುರಾಮಭಾವು ಕಾಲೇಜಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. 1935ರಲ್ಲಿ ಭಾರತೀಯ ಇತಿಹಾಸದಲ್ಲಿ ಕಾಡುಜನಾಂಗಗಳನ್ನು ಕುರಿತ ಗ್ರಂಥ, 1936ರಲ್ಲಿ ತುಳುವದೇಶದ ಇತಿಹಾಸ, ಹೀಗೆ ವರ್ಷಕ್ಕೊಂದರಂತೆ ಅವರ ಕೃತಿಗಳು ಹೊರಬಂದವು. ಇವುಗಳ ಗುಣದೋಷವನ್ನು ವಿಮರ್ಶಿಸುವುದು ವಿದ್ವಾಂಸರ ಕೆಲಸ. ನಮಗೆ ಪ್ರಕೃತವಾದದ್ದು 1938ರಲ್ಲಿ ಮುಂಬಯಿಯ ಕರ್ನಾಟಕ ಪಬ್ಲಿಷಿಂಗ್ ಹೌಸಿನವರು ಪ್ರಕಟಿಸಿದ ಮೀಡೀವಲ್ ಜೈನಿಸಂ, ಅರ್ಥಾತ್ ಮಧ್ಯಯುಗದ ಜೈನಧರ್ಮ. ವಿಜಯನಗರ ಸಾಮ್ರಾಜ್ಯಕ್ಕೆ ವಿಶೇಷ ಗಮನವನ್ನಿತ್ತು ಬರೆದ ಆ ಗ್ರಂಥವು ಲಂಡನ್ನಿನ ಮಹಾಪ್ರಬಂಧದ ಒಡಲಿನಿಂದಲೇ ಹುಟ್ಟಿದ ಕೂಸು. ವಿಜಯನಗರದ ಪ್ರಜಾಜೀವನವನ್ನು ಹುಡುಕಿಕೊಂಡು ಹೊರಟವರಿಗೆ ಶಾಸನಶಾಸನಗಳಲ್ಲಿ ಜಿನಸ್ತುತಿ ಎದುರಾಗಿತ್ತು. ಅದನ್ನು ಅಡಿಟಿಪ್ಪಣಿಯಲ್ಲಿ ಮುಗಿಸಿಬಿಡದೆ ಪ್ರತ್ಯೇಕ ಗ್ರಂಥವಾಗಿಸಿದ್ದು ಅವರ ದೊಡ್ಡತನ.

ಆ ಕಾಲದ ಇತಿಹಾಸಕಾರರಲ್ಲಿ ಒಂದು ಪೂರ್ವಗ್ರಹವಿತ್ತು. ಜೈನರು ಅಹಿಂಸಾವ್ರತಿಗಳಾದ್ದರಿಂದ ದೇಶವು ದುರ್ಬಲವಾಯಿತೆಂದು ಅವರಲ್ಲಿ ಕೆಲವರು ಬರೆಯುತ್ತಿದ್ದರು. ಸಾಲೆತ್ತೂರರು ಇದಕ್ಕೆ ಭಾವಾವೇಶದಿಂದ ಉತ್ತರಿಸಲಿಲ್ಲ. ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಿದರು. ಸಿಂಹನಂದಿ ಆಚಾರ್ಯರ ಆಶೀರ್ವಾದದಿಂದ ತಲೆಯೆತ್ತಿದ ಗಂಗರಾಜ್ಯ, ಚಾವುಂಡರಾಯ, ಹೊಯ್ಸಳರ ದಂಡನಾಯಕ ಗಂಗರಾಜ, ವಿಜಯನಗರದ ಇರುಗಪ್ಪ ದಂಡನಾಯಕ, ಇವರೆಲ್ಲ ಜಿನಭಕ್ತರೂ ಹೌದು, ರಣಧೀರರೂ ಹೌದು. ಸ್ತ್ರೀಯರಿಗಾಗಿ ಅವರು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟರು. 10ನೇ ಶತಮಾನದ ಆರಂಭದಲ್ಲಿಯೇ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯಂತಹ ಮಹಿಳೆಯರು ಧರ್ಮಕ್ಕೆ ಹೇಗೆ ಆಧಾರಸ್ತಂಭಗಳಾಗಿದ್ದರೆಂಬುದನ್ನು ಓದುವಾಗ, ಮುಂದೆ ನಮ್ಮ ತೀರದಲ್ಲಿ ಕರಿಮೆಣಸಿನ ರಾಣಿ ಎನಿಸಿಕೊಂಡ ಚೆನ್ನಭೈರಾದೇವಿಯು ಆಕಸ್ಮಿಕವಾಗಿ ಉದಯಿಸಿದವಳಲ್ಲ ಎಂದು ಮನದಟ್ಟಾಗುತ್ತದೆ.

1368ರ ಶ್ರವಣಬೆಳಗೊಳದ ಶಾಸನವನ್ನು ಅವರು ವಿವರಿಸಿದ ಭಾಗವನ್ನು ಪ್ರತಿಯೊಬ್ಬ ಶ್ರಾವಕನೂ ತಿಳಿದಿರಬೇಕು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾಗಿ, ಜೈನರು ಬುಕ್ಕರಾಯನಿಗೆ ಬಿನ್ನೈಸಿಕೊಂಡರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಕಟ್ಟಳೆ ಮಾಡಿದನು. ಪ್ರತಿ ಜೈನಮನೆಯಿಂದ ವರ್ಷಕ್ಕೆ 1 ಹಣದಂತೆ ಎತ್ತಿ, ಬೆಳಗೊಳದಲ್ಲಿ 20 ಮಂದಿ ಕಾವಲಿನವರನ್ನು ಇರಿಸುವುದು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂದು ಗೊತ್ತಾಯಿತು. ಹಣವನ್ನು ಎತ್ತುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ವೈಷ್ಣವಪಕ್ಷದ ಹಿರಿಯನದು! ಈ ಏರ್ಪಾಡನ್ನು ಊರ್ಜಿತಗೊಳಿಸಲು ಓಡಾಡಿದವನು ಕಲ್ಲೆಹದ ಬುಸುವಿಸೆಟ್ಟಿ ಎಂಬ ವರ್ತಕ. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟವನ್ನು ಕಟ್ಟಿದರು. ಸುಣ್ಣ ಬಳಿಸುವ ಖರ್ಚಿಗೂ ಶಾಸನವಿತ್ತೆಂಬುದು ಇಂದಿನ ಬಸದಿ ಸಮಿತಿಗಳವರಿಗೆ ಸಮಾಧಾನ ತರಬಹುದು.

ಇನ್ನು ನಮ್ಮ ಪ್ರಾಂತದ ವಿಷಯ. ಶರಾವತಿಯ ತೀರದ ಗೇರುಸೊಪ್ಪೆ, ಶಾಸನಗಳ ಕ್ಷೇಮಪುರ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಶಾಸನಗಳ ಸಂಗೀತಪುರ. ನಗರಬಸ್ತಿಕೇರಿಯ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಚತುರ್ಮುಖ ಬಸದಿಯನ್ನೂ ಹಾಡುವಳ್ಳಿಯ ಚಂದ್ರಗಿರಿಯನ್ನೂ ಭಟ್ಕಳದ ಚಂದ್ರನಾಥ ಬಸದಿಯ ಮುಂದಿನ ಮಾನಸ್ತಂಭವನ್ನೂ ನಾವು ಕಂಡು ಕೈಮುಗಿದು ಬಂದವರು. ಆದರೆ ಅವನ್ನು ಕಟ್ಟಿಸಿದವರು ಯಾರು, ಅವರ ಗುರುಗಳಾರು ಎಂದು ಕೇಳಿದರೆ ಒಂದು ಕಾಲದಲ್ಲಿ ಉತ್ತರವಿರಲಿಲ್ಲ. ಸಾಲೆತ್ತೂರರು ಘಟ್ಟದ ಮೇಲಿನ ಸಾಗರ ತಾಲ್ಲೂಕಿನ ಶಾಸನಗಳಲ್ಲಿ ಗೇರುಸೊಪ್ಪೆಯನ್ನು ಹುಡುಕಿದರು; ಹುಂಬುಚದ ಶಿಲಾಶಾಸನದಲ್ಲಿ ಗೇರುಸೊಪ್ಪೆಯ ಮತ್ತು ಸಂಗೀತಪುರದ ಅರಸರನ್ನು ಕಂಡರು. ಮೂರು ಸರಕಾರಗಳ ಕಡತಗಳಲ್ಲಿ ಹಂಚಿಹೋಗಿದ್ದ ರಾಜ್ಯವೆಂದು ಮೇಲೆ ಹೇಳಿದೆನಲ್ಲ, ಅದರ ಚೂರುಗಳನ್ನು ಹೊಂದಿಸಿದವರು ಅವರು.

ಆ ಸಾಗರದ ಶಾಸನಗಳಲ್ಲಿ ಒಂದು 16ನೇ ಶತಮಾನದ್ದು. ಗೇರುಸೊಪ್ಪೆಯ ಯೋಜನಶ್ರೇಷ್ಠಿಯ ಮನೆತನದವರು ಕಟ್ಟಿಸಿದ್ದ ನೇಮೀಶ್ವರ ಚೈತ್ಯಾಲಯದ ಮುಂದೆ, ಅದೇ ವಂಶದ ಅಂಬುವಣಶ್ರೇಷ್ಠಿಯು ತನ್ನ ಧರ್ಮಪತ್ನಿ ದೇವರಸಿಯೊಡನೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದ ವೃತ್ತಾಂತ ಅದರಲ್ಲಿದೆ. ಅರಸರ ಕಾಲದಲ್ಲಿಯೂ ಬಸದಿಯ ಭಾರವನ್ನು ಹೊತ್ತವರು ಪೇಟೆಯ ಸೆಟ್ಟರೇ ಎಂಬುದು ಇದರಿಂದ ಸ್ಪಷ್ಟ. ಭಟ್ಕಳವು ಆಗ ವಿಜಯನಗರದ ದೊಡ್ಡ ಬಂದರು. ಅಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಹೋಗುತ್ತಿದ್ದವು, ಅರಬಸ್ಥಾನದ ಕುದುರೆಗಳು ಒಳಬರುತ್ತಿದ್ದವು. ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಲು ಕೃಷ್ಣದೇವರಾಯನ ಅನುಮತಿಯನ್ನು ಬೇಡಿದರೆಂದರೆ ಆ ಪೇಟೆಯ ಬೆಲೆ ತಿಳಿಯುತ್ತದೆ. ಹಂಪೆಯ ವೈಭವವನ್ನು ವರ್ಣಿಸುವ ಗ್ರಂಥದ ಬೇರುಗಳು ನಮ್ಮ ಬಂದರುಗಳವರೆಗೆ ಚಾಚಿದ್ದವು.

ವಾದಿ ವಿದ್ಯಾನಂದರ ವಿಷಯದಲ್ಲಿ ಸಾಲೆತ್ತೂರರಿಗೆ ವಿಶೇಷ ಒಲವಿತ್ತೆಂದು ತೋರುತ್ತದೆ. ಅವರನ್ನು ಕುರಿತು ಜೈನ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಪ್ರತ್ಯೇಕ ಲೇಖನವನ್ನೇ ಬರೆದರು. ಆ ಮುನಿವರ್ಯರು ಶ್ರೀರಂಗಪಟ್ಟಣ, ಬಿಳಿಗಿ, ಕಾರ್ಕಳ, ನಗಿರೆ ಎಂಬ ನಮ್ಮ ಗೇರುಸೊಪ್ಪೆ, ಸಾಳುವ ಮಲ್ಲಿರಾಯ ಮತ್ತು ದೇವರಾಯರ ಸಭೆ, ಕಡೆಗೆ ಕೃಷ್ಣದೇವರಾಯನ ಆಸ್ಥಾನ, ಹೀಗೆ ಒಂದೊಂದು ಸಭೆಯನ್ನೂ ಹೊಕ್ಕು ಪರವಾದಿಗಳನ್ನು ಗೆದ್ದರೆಂದು ಹುಂಬುಚದ ಶಾಸನ ಸಾರುತ್ತದೆ. ಪರದೇಶದ ಪಂಡಿತರ ಎದುರು ಕುಳಿತು ತನ್ನ ಪ್ರಬಂಧವನ್ನು ಸಮರ್ಥಿಸಿಕೊಂಡು ಬಂದ ವಿದ್ವಾಂಸರಿಗೆ, ಪರಸಭೆಗಳಲ್ಲಿ ನಿಂತು ವಾದಿಸಿದ ಯತಿಯ ಮೇಲೆ ಆದರ ಹುಟ್ಟಿದ್ದು ಸಹಜವೇ.

ಪ್ರಶಂಸೆಯನ್ನಷ್ಟೇ ಬರೆದಿದ್ದರೆ ಅವರು ಹೊಗಳುಭಟರಾಗುತ್ತಿದ್ದರು. ಜೈನಧರ್ಮವು ಕರ್ನಾಟಕದಲ್ಲಿ ಇಳಿಮುಖವಾದುದೇಕೆಂದೂ ಅವರು ವಿಚಾರಿಸಿದರು. ರಾಜಾಶ್ರಯ ತಪ್ಪಿದ್ದು ಒಂದು ಕಾರಣ. ವೀರಬಣಂಜುಗಳೆಂಬ ಪ್ರಬಲ ವರ್ತಕ ಸಮುದಾಯದ ಬೆಂಬಲ ಕೈಬಿಟ್ಟುಹೋದದ್ದು ಅದಕ್ಕಿಂತ ದೊಡ್ಡ ಪೆಟ್ಟು. ಅರಸು ಹೋದರೆ ಇನ್ನೊಬ್ಬ ಅರಸು ಬರಬಹುದು. ಪೇಟೆ ಹೋದರೆ ಬಸದಿಯ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು? ಈ ಮಾತು ನಮಗೆ ರುಚಿಸಲಿ ಬಿಡಲಿ, ಗೇರುಸೊಪ್ಪೆಯ ಪಾಳುಬಿದ್ದ ಬೀದಿಗಳು ಅದಕ್ಕೆ ಸಾಕ್ಷಿ. ಅವರ ಗ್ರಂಥದಲ್ಲಿ ತಿದ್ದಬೇಕಾದ ಸಂಗತಿಗಳೂ ಇವೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಲ್ಲಿ ಆರಂಭವಾಗಿ ಉತ್ತರ ಕನ್ನಡದ ಶಾಸನಗಳನ್ನು ನೇರವಾಗಿ ಶೋಧಿಸತೊಡಗಿದ ಮೇಲೆ ಹಾಡುವಳ್ಳಿ, ಗೇರುಸೊಪ್ಪೆಗಳ ಅರಸರ ವಂಶಾವಳಿ ಇನ್ನಷ್ಟು ತಿಳಿಯಾಯಿತು. ಆದರೆ ತಿದ್ದುವವರಿಗೂ ಮೊದಲೊಂದು ಕರಡು ಬೇಕು. ಅದನ್ನು ಒದಗಿಸಿದವರು ಸಾಲೆತ್ತೂರರು.

ಒಂದು ಕೊರತೆಯನ್ನು ಮಾತ್ರ ಮುಚ್ಚಿಡುವಂತಿಲ್ಲ. ಅವರು ಬರೆದ ಮುಖ್ಯ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿವೆ. ಲಂಡನ್ನಿನವರೂ ಕಲ್ಕತ್ತೆಯವರೂ ಓದಿದ ನಮ್ಮ ಊರಿನ ಕಥೆ, ನಮ್ಮ ಊರಿನ ಮನೆಮನೆಗೆ ಬರಲಿಲ್ಲ. ಮೆಟ್ರಿಕ್ ತನಕ ಓದಿ ಅಂಗಡಿಯ ಗಲ್ಲೆಯಲ್ಲಿ ಕುಳಿತ ನನ್ನಂಥವರು ಪದಕೋಶವನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದಬೇಕಾಯಿತು. ಪಂಚಕಲ್ಯಾಣದ ಚಪ್ಪರಕ್ಕೂ ಮೆರವಣಿಗೆಗೂ ಆಗುವ ವೆಚ್ಚದಲ್ಲಿ ಕಿಂಚಿದಂಶವನ್ನು ಇಂತಹ ಗ್ರಂಥಗಳನ್ನು ಕನ್ನಡದಲ್ಲಿ ಒದಗಿಸಲು ತೆಗೆದಿರಿಸಿದರೆ ಮಹೋತ್ಸವದ ಶೋಭೆಗೆ ಕುಂದಾಗದೆಂದು ಸಮಾಜದ ಹಿರಿಯರಲ್ಲಿ ನನ್ನ ವಿನಂತಿ.

ಮುಂದಿನ ಅವರ ಬಾಳು ಬಹುಮಟ್ಟಿಗೆ ಅಧ್ಯಾಪನ ಮತ್ತು ಆಡಳಿತದಲ್ಲಿ ಕಳೆಯಿತು. ಗುಜರಾತಿನಲ್ಲಿಯೂ ಕೆಲವು ಕಾಲ ಇದ್ದು, ಆ ನಾಡಿನ ಪ್ರಾಚೀನ ಇತಿಹಾಸವನ್ನೂ ಬರೆದರು. 1956ರಲ್ಲಿ ಕರ್ನಾಟಕದ ಸಾಗರಾಂತರ ಸಂಪರ್ಕಗಳನ್ನು ಕುರಿತ ಅವರ ಉಪನ್ಯಾಸಗಳನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಪ್ರಕಟಿಸಿತು. ಕಡಲನ್ನು ದಾಟಿ ಹೋಗಿ ಬಂದವರು ಕಡಲಿನಾಚೆಗೆ ಹೋದ ಕನ್ನಡಿಗರ ವಿಷಯವನ್ನೇ ಎತ್ತಿಕೊಂಡರು. ಆ ಬಳಿಕ ದಿಲ್ಲಿಯ ರಾಷ್ಟ್ರೀಯ ಪತ್ರಾಗಾರದ ನಿರ್ದೇಶಕರಾಗಿ ನೇಮಕಗೊಂಡು, ಈಸ್ಟ್ ಇಂಡಿಯಾ ಕಂಪನಿಯ ಕಾಲದ ಫೋರ್ಟ್ ವಿಲಿಯಂ ಪತ್ರವ್ಯವಹಾರದ ಒಂದು ಸಂಪುಟವನ್ನು 1959ರಲ್ಲಿ ಸಂಪಾದಿಸಿಕೊಟ್ಟರು. ತರುಣರಾಗಿದ್ದಾಗ ಕಾಗದಪತ್ರಗಳನ್ನರಸಿ ಲಂಡನ್ನಿಗೆ ಹೋದವರು, ಪ್ರಾಯ ಸಂದ ಮೇಲೆ ಇಡೀ ದೇಶದ ಕಾಗದಪತ್ರಗಳ ಭಂಡಾರಕ್ಕೆ ಅಧಿಪತಿಗಳಾದರು. ಭಾರತಕ್ಕೂ ಪಾಶ್ಚಾತ್ಯ ಮತ್ತು ಪೌರಸ್ತ್ಯ ದೇಶಗಳಿಗೂ ಇದ್ದ ರಾಯಭಾರ ಸಂಬಂಧಗಳನ್ನು ಕುರಿತ ಎರಡು ಗ್ರಂಥಗಳು ಈ ಅವಧಿಯಲ್ಲಿಯೇ ಬಂದವು.

ದಿಲ್ಲಿಯಿಂದ ಅವರು ಧಾರವಾಡಕ್ಕೆ ಬಂದು ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಪ್ರಾಧ್ಯಾಪಕರಾಗಿ ನೆಲೆಸಿದರು. ಆ ವೇಳೆಗೆ ರಾಜ್ಯಗಳ ಪುನರ್ವಿಂಗಡಣೆಯಾಗಿ, 1956ರ ನವೆಂಬರ್ 1ರಿಂದ ದಕ್ಷಿಣ ಕನ್ನಡ, ಉತ್ತರ ಕನ್ನಡ, ಸಾಗರ, ಹುಂಬುಚಗಳೆಲ್ಲ ಒಂದೇ ಆಡಳಿತಕ್ಕೆ ಸೇರಿದ್ದವು. 18 ವರ್ಷಗಳ ಹಿಂದೆ ಅವರು ಮೂರು ಕಡತಗಳಿಂದ ಹೆಕ್ಕಿ ಜೋಡಿಸಿದ್ದ ಗೇರುಸೊಪ್ಪೆಯ ರಾಜ್ಯವು ಭೂಪಟದ ಮೇಲೆಯೂ ಒಂದಾಯಿತು. ಪ್ರಾಚೀನ ಭಾರತದ ರಾಜನೀತಿ ವಿಚಾರ ಮತ್ತು ಸಂಸ್ಥೆಗಳನ್ನು ಕುರಿತ ಅವರ ಬೃಹದ್ಗ್ರಂಥವು ಮುಂಬಯಿಯ ಏಷಿಯಾ ಪಬ್ಲಿಷಿಂಗ್ ಹೌಸಿನಿಂದ 1963ರಲ್ಲಿ ಪ್ರಕಟವಾಯಿತು.